ಕೆಂಪು ಅರಿವಿ ಕಟ್ಟಿದ ಸಾಲು

"ಸಾಲಾಗ ಒಂದು ಹಣ್ಣಿಲ್ಲಲ್ಲೋ! ಯಾರ್ ಹರದ್ರು?"

ಮಾರೆವ್ವ ಬುಟ್ಟಿಯನ್ನು ಪಡಸಾಲೆಯ ನಡುವೆ ಎಸೆದಳು. ಬರಿದಾದ ಬುಟ್ಟಿ ಉರುಳಿಕೊಂಡು ಹೋಗಿ ಮೊಮ್ಮಗ ಗಾಳೇಶನ ಗಂಗಾಳಕ್ಕೆ ಬಡಿಯಿತು. ರೊಟ್ಟಿ ಮುರಿಯುತ್ತಿದ್ದವನು ತಲೆ ಎತ್ತಲಿಲ್ಲ. ಅವನ ಪಕ್ಕದಲ್ಲಿ ಅಪ್ಪ ವೆಂಕೋಬ ಪುಂಡಿಪಲ್ಯ ಹಚ್ಚಿಕೊಳ್ಳುತ್ತಿದ್ದ. ಅವ್ವ ಹುಲಗಮ್ಮ ಒಲೆಯ ಮುಂದಿನಿಂದಲೇ ಇಣುಕಿದಳು.

"ಕಿವಿ ಕೇಳ್ತಾವಿಲ್ಲೋ? ಬಸರಿ ಹುಡುಗಿಗೆ ನಾಕು ಹಣ್ಣು ತರೂಣಂತ ಹೋದ್ರ, ಬಾವಿ ಕಡೀ ಸಾಲಾಗ ಬರೇ ಕಾಯಿ ಅದಾವ."

"ನಾನಽ ಹರದೇನಿ," ಅಂದ ಗಾಳೇಶ. "ಕೊಪ್ಪಳಕ್ಕ ಕಳಿಸೇನಿ."

"ಮನಿ ಸಾಲಿಂದು?"

"ಹೂಂ, ಮನಿ ಸಾಲಿಂದಽ. ಅವ್ರಿಗೆ ಅದಽ ಬೇಕಂತ."

"ಅವ್ರಿಗೆ ಬೇಕಂತ! ನಿನ್ನ ತಂಗಿಗೆ ಬ್ಯಾಡೇನು?"

ಒಳಗಿನ ಕೋಣೆಯಿಂದ ಅಂಜಲಿ ಹೊರಗೆ ಬಂದಳು. ಕನಕಗಿರಿಗೆ ಕೊಟ್ಟ ಮಗಳು. ಹೋದ ವರ್ಷ ಒಂದು ಬಸಿರು ನಿಲ್ಲಲಿಲ್ಲ. ಈಗ ಮತ್ತೆ ಆರು ತಿಂಗಳು. ಮೈಯಲ್ಲಿ ರಕ್ತ ಕಡಿಮೆ ಇದೆ, ಹಣ್ಣು ಹಂಪಲ ಚೆನ್ನಾಗಿ ತಿನ್ನಬೇಕೆಂದು ಡಾಕ್ಟರಮ್ಮ ಹೇಳಿದ್ದರಿಂದ ಗಂಡನೇ ತಂದು ತವರಿಗೆ ಬಿಟ್ಟು ಹೋಗಿದ್ದ. "ಹೋಗ್ಲಿ ಬಿಡಜ್ಜಿ, ಜಗಳ ಯಾಕ?" ಅಂದಳು.

"ಬಿಡಾಕ ಅದೇನು ನಿಮ್ಮಪ್ಪನ ತ್ವಾಟದ ಹಣ್ಣೇನು? ಅದು ಮನಿ ಸಾಲು!" ಎಂದು ಮಾರೆವ್ವ ಕೂಗಿದಳು.

ಕೇಳಿದವರಿಗೆ ನಗು ಬರಬಹುದು. ತೋಟವೂ ಅವರದೇ, ಸಾಲೂ ಅವರದೇ. ಆದರೆ ಕುಷ್ಟಗಿ ಕಡೆ ದಾಳಿಂಬೆ ಬೆಳೆಯುವವರನ್ನು ಕೇಳಿ ನೋಡಿ, ಗುಟ್ಟಾಗಿ ಹೇಳುತ್ತಾರೆ. ಎಣ್ಣೆ ಹೊಡೆಯದೆ ದಾಳಿಂಬೆ ಇಲ್ಲ. ಎಣ್ಣೆ ಅಂದರೆ ಹುಳಕ್ಕೆ, ರೋಗಕ್ಕೆ ಹೊಡೆಯುವ ಔಷಧ. ಹೂವಿಗೆ ಒಂದು, ಮಿಡಿಗೆ ಒಂದು, ಮೋಡ ಕವಿದರೆ ಮತ್ತೊಂದು. ಹೊಡೆದು ಹೊಡೆದು ಬೆಳೆದದ್ದನ್ನು ಲಾರಿಗೆ ತುಂಬಿ ಕಳಿಸುತ್ತಾರೆ. ತಮ್ಮ ಮಕ್ಕಳಿಗೆ ಮಾತ್ರ ಅದರಲ್ಲಿ ಒಂದನ್ನೂ ಕೊಡುವುದಿಲ್ಲ.

ಗಾಳೇಶ ಹೊಟ್ಟೆಯಲ್ಲಿದ್ದಾಗ ಹುಲಗಮ್ಮನಿಗೆ ಆ ಎಣ್ಣೆಯ ವಾಸನೆ ಬಂದರೆ ಸಾಕು, ನೀರು ಕುಡಿದದ್ದೂ ವಾಂತಿಯಾಗುತ್ತಿತ್ತು. ಆಗ ಮಾರೆವ್ವ ತನ್ನ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗನ್ನು ಹರಿದು ಬಾವಿ ಕಡೆಯ ಸಾಲಿನ ಗಿಡಗಿಡಕ್ಕೂ ಒಂದೊಂದು ಚಿಂದಿ ಕಟ್ಟಿದಳು. ಅರಿವಿ ಕಟ್ಟಿದ ಗಿಡಕ್ಕೆ ಎಣ್ಣೆ ಮುಟ್ಟಿಸಬಾರದು ಅಂದಳು. ಆ ಸಾಲಿಗೆ ಬೇವಿನ ಕಷಾಯ, ಹುಳಿ ಮಜ್ಜಿಗೆ, ಒಲೆಯ ಬೂದಿ, ಅಷ್ಟೇ. ಅಂದಿನಿಂದ ಓಣಿಯ ಬಸುರಿ ಬಾಣಂತಿಯರಿಗೆಲ್ಲ ಹಣ್ಣು ಹೋಗುತ್ತಿದ್ದುದು ಆ ಸಾಲಿನಿಂದಲೇ. ಎಣ್ಣೆ ಹೊಡೆಯುವ ಮರ್ದಾನಸಾಬ ಕೆಂಪು ಅರಿವಿ ಕಂಡರೆ ಪೈಪನ್ನು ನೆಲಕ್ಕೆ ಇಳಿಸಿಕೊಂಡೇ ದಾಟುತ್ತಿದ್ದ. ಅವನ ಹೆಂಡತಿ ನಸೀಮಾಬಿ ಮಗ ರಫೀಕನನ್ನು ಹೊತ್ತಿದ್ದಾಗ ತಿಂದದ್ದೂ ಆ ಸಾಲಿನ ಹಣ್ಣನ್ನೇ.

ಹೀಗೆ ಗಾಳೇಶನಿಗಾಗಿಯೇ ಹುಟ್ಟಿದ ಸಾಲನ್ನು ಗಾಳೇಶನೇ ಹರಿದು ಮಾರಿದ್ದ. ಸಿಟ್ಟು ಬರದೆ ಇರುತ್ತದೆಯೇ?

"ಆತಪ್ಪಾ ಆತು," ಅಂದ ಅವನು ಕೈ ತೊಳೆಯುತ್ತ. "ಉಳದ ಕಾಯಿ ಮಾಗಿದ ಮ್ಯಾಲೆ ಅಂಜಲಿಗೇ. ನಾ ಇನ್ನ ಆ ಸಾಲು ಮುಟ್ಟಂಗಿಲ್ಲ."

"ಆಣಿ ಮಾಡು."

"ಹಣ್ಣಿಗೂ ಆಣಿ ಮಾಡಬೇಕೇನ್ಬೇ ಈಗ?"

"ಮಾಡು!"

ಮಾಡಿದ. ಊಟ ಮುಗಿಯಿತು.

ಈ ಕೊಪ್ಪಳದ ಗಿರಾಕಿಗಳು ಎಲ್ಲಿಂದ ಗಂಟುಬಿದ್ದರು ಅನ್ನುವುದನ್ನೂ ಹೇಳಿಬಿಡಬೇಕು. ಐಶ್ವರ್ಯ ಎಂಬ ಹೆಣ್ಣುಮಗಳು, ಕೊಪ್ಪಳದ ಹೊಸ ಬಡಾವಣೆಯಲ್ಲಿ ದೊಡ್ಡ ಮನೆ, ಗಂಡ ಗುತ್ತಿಗೆದಾರ. ಕುಷ್ಟಗಿಯಲ್ಲಿ ನೆಂಟರ ಮನೆಗೆ ಬಂದವಳು ಹಣ್ಣು ಕೊಳ್ಳಲು ತೋಟದ ಮುಂದೆ ಕಾರು ನಿಲ್ಲಿಸಿದ್ದಳು. ಹುಲಗಮ್ಮ ಕಪಟ ಅರಿಯದ ಹೆಂಗಸು. ಬಂದವರು ಅತಿಥಿಗಳೆಂದು ಮನೆ ಸಾಲಿನ ಹಣ್ಣನ್ನು ಒಡೆದು ಕೊಟ್ಟು, "ಇದು ನಾವು ತಿನ್ನೂದ್ರಿ, ಎಣ್ಣಿ ಹೊಡದದ್ದಲ್ಲ," ಅಂದುಬಿಟ್ಟಳು. ಐಶ್ವರ್ಯಳ ಕಣ್ಣು ಅರಳಿದವು.

"ಹಂಗಾದ್ರ ನಮಗೂ ಇದನ್ನ ಕೊಡ್ರಿ. ಎರಡು ಪಟ್ಟು ರೇಟ್ ಆದ್ರೂ ಕೊಡ್ತೀವಿ. ನಮ್ಮ ಬಡಾವಣ್ಯಾಗ ಎಲ್ಲಾರೂ ಈಗ ವಿಷ ಇಲ್ಲದ್ದನ್ನಽ ಹುಡುಕ್ಲಿಕ್ಕತ್ತಾರ."

ಮನೆ ಮುಟ್ಟುವುದರೊಳಗೆ ಅವಳು ವಾಟ್ಸಾಪಿನಲ್ಲಿ 'ಶುದ್ಧ ಹಣ್ಣು' ಅಂತ ಗುಂಪು ಮಾಡಿಯಾಗಿತ್ತು. ಡಾಕ್ಟರ ಹೆಂಡತಿ, ಮೇಷ್ಟರು, ಬ್ಯಾಂಕಿನವರು, ಎಲ್ಲರೂ ಸೇರಿದರು. ಗಾಳೇಶ ಮನೆ ಸಾಲಿನ ಹಣ್ಣು ಹರಿದು ಟಂಟಂ ಗಾಡಿಯಲ್ಲಿ ಪೆಟ್ಟಿಗೆ ಹಾಕಿಕೊಂಡು ಹೋದ, ಮನೆ ಮನೆಗೆ ಕೊಟ್ಟು ಬಂದ.

ಮರುದಿನವೇ ಗುಂಪಿನಲ್ಲಿ ದೂರು ಶುರುವಾಯಿತು. ಹಣ್ಣಿನ ಮೇಲೆ ಕರಿ ಚುಕ್ಕೆ ಇವೆ. ಒಂದು ಸಣ್ಣದು, ಒಂದು ದೊಡ್ಡದು. ಸಿಪ್ಪೆ ಒರಟು. ಅಂಗಡಿಯಲ್ಲಿ ಇದಕ್ಕಿಂತ ಚೆಂದ ಇರುತ್ತವೆ. ನೆಂಟರ ಮುಂದೆ ತಟ್ಟೆಯಲ್ಲಿ ಇಡಲು ನಾಚಿಕೆ. ಅರ್ಧದಷ್ಟು ಪೆಟ್ಟಿಗೆಗಳು ವಾಪಸ್ ಬಂದವು. ಹಣ್ಣನ್ನು ಒಡೆದೂ ನೋಡಿರಲಿಲ್ಲ, ತಿಂದೂ ನೋಡಿರಲಿಲ್ಲ.

ಅಂದು ಗಾಳೇಶ ಊಟದ ಮುಂದೆ ಕೂತು ಹಲ್ಲು ಕಡಿದ. "ಚುಕ್ಕಿ ಬೀಳಬಾರದಂದ್ರ ಎಣ್ಣಿ ಹೊಡಿಬೇಕು. ಎಣ್ಣಿ ಬ್ಯಾಡ, ಚುಕ್ಕಿನೂ ಬ್ಯಾಡ. ಹಣ್ಣೇನು ಮೋಡದಿಂದ ಉದುರಬೇಕೇನಪ್ಪಾ ಇವ್ರಿಗೆ?"

"ಹಂಗಂತ ಹೇಳಬೇಕಿಲ್ಲೋ ಅವ್ರಿಗೆ," ಅಂದ ವೆಂಕೋಬ.

"ಹೇಳಿದ್ನಲ್ಲ! ಚುಕ್ಕಿ ಇದ್ರನಽ ಎಣ್ಣಿ ಇಲ್ಲಂತ ಗುರುತು ಅಂತ ಬಿಡಿಸಿ ಹೇಳಿದೆ. ಆಯಮ್ಮ ಏನಂದ್ಲು ಗೊತ್ತೈತೇನು? 'ಎಣ್ಣಿ ಇಲ್ದಽನೂ ನುಣ್ಣಗ ಬೆಳಿಯೂ ಮಂದಿ ಇರ್ತಾರ ಗಾಳೇಶ, ನೀವು ಸ್ವಲ್ಪ ಕಾಳಜಿ ತಗೋರಿ' ಅಂದ್ಲು. ಕಾಳಜಿ ಅಂತ!"

ಆ ಸಿಟ್ಟಿನಲ್ಲೇ ಅವನು ಮುಂದಿನ ವಾರ ದೊಡ್ಡ ತೋಟದ ಹಣ್ಣು, ಲಾರಿಗೆ ಹೋಗಬೇಕಾದ ಹಣ್ಣು, ಒರೆಸಿ ಮಿರಿಮಿರಿ ಮಿಂಚಿಸಿ ಪೆಟ್ಟಿಗೆಗೆ ತುಂಬಿ ಒಯ್ದ. ಮನೆ ಸಾಲಿನದೇ ಅಂದ. ಒಂದೂ ವಾಪಸ್ ಬರಲಿಲ್ಲ. ಬದಲಿಗೆ ಫೋನು ಹೊಗಳಿಕೆಯಿಂದ ಉಬ್ಬಿತು. ಊಟಕ್ಕೆ ಕೂತಾಗ ಬಂದಿದ್ದ ವಾಯ್ಸ್ ಮೆಸೇಜನ್ನು ಎಲ್ಲರಿಗೂ ಕೇಳಿಸುವಂತೆ ಹಚ್ಚಿದ.

"ಗಾಳೇಶ, ಈ ಸಲದ ಹಣ್ಣು ಭಾಳ ಛಲೋ ಅದಾವಪ್ಪಾ," ಅಂದಿತು ಐಶ್ವರ್ಯಳ ದನಿ. "ಬಾಯಾಗ ಇಟ್ಟ ಕೂಡಲೇ ಗೊತ್ತಾಗ್ತದ ನೋಡು, ವಿಷ ಇಲ್ಲದ ಹಣ್ಣಿನ ರುಚಿನಽ ಬ್ಯಾರೆ!"

ಗಾಳೇಶ ತೊಡೆ ತಟ್ಟಿ ನಕ್ಕ. ವೆಂಕೋಬನೂ ನಗು ತಡೆಯಲಾರದೆ ಮಜ್ಜಿಗೆ ನೆತ್ತಿಗೇರಿಸಿಕೊಂಡ. ಅಂಜಲಿ ನಗಲಿಲ್ಲ.

"ಅಣ್ಣಾ, ಅವ್ರ ಮನ್ಯಾಗೂ ನನ್ನಂಥಾಕಿ ಒಬ್ಬಾಕಿ ಇದ್ರ?"

"ಇದ್ರ ಏನಾತು? ಅಂಗಡ್ಯಾಗಿಂದು ತಂದ್ರೂ ಇದನ್ನಽ ತಿಂತಿದ್ರು."

"ಅಂಗಡಿಯಾಂವ ಎಣ್ಣಿ ಇಲ್ಲಂತ ಹೇಳಿ ಕೊಡಂಗಿಲ್ಲ. ನೀ ಹೇಳಿ ಕೊಟ್ಟಿ," ಎಂದಳು ಅಂಜಲಿ.

"ಏ, ತಿಂದು ಸುಮ್ನ ಮಕ್ಕೋ ಹೋಗು. ದೊಡ್ಡ ಜಡ್ಜ್ ಸಾಹೇಬ್ತಿ ಬಂದ್ಲು." ಗಾಳೇಶ ಫೋನು ಕಿಸೆಗೆ ಹಾಕಿಕೊಂಡು ಎದ್ದ. ಮಾರೆವ್ವ ನಸ್ಯದ ಡಬ್ಬಿ ತೆರೆದು ಮೂಗಿಗೆ ಏರಿಸುತ್ತ ಮಗನ ಮುಖ ನೋಡಿದಳು. ವೆಂಕೋಬ ಬೈಯಬೇಕಿತ್ತು, ಬೈಯಲಿಲ್ಲ. ಬರುತ್ತಿದ್ದ ರೊಕ್ಕ ಅವನ ಬಾಯಿ ಮುಚ್ಚಿತ್ತು.

ಹಾಗೇ ನಡೆದಿದ್ದರೆ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಐಶ್ವರ್ಯಳಿಗೆ ಈಗ ತೋಟ ನೋಡುವ ಹುಕಿ ಬಂತು. ಕೆಂಪು ಅರಿವಿಯ ಕತೆಯನ್ನು ಹುಲಗಮ್ಮನಿಂದ ಕೇಳಿದ್ದವಳು ಅದನ್ನು ಗುಂಪಿನಲ್ಲಿ ಹಾಕಿದ್ದಳು. ಎಲ್ಲರಿಗೂ ಆ ಅರಿವಿ ಕಟ್ಟಿದ ಗಿಡಗಳ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳಬೇಕಂತೆ. ಒಂದು ಸಾಲಿನಿಂದ ಇಷ್ಟು ಪೆಟ್ಟಿಗೆ ಹಣ್ಣು ಹೇಗೆ ಬರುತ್ತದೆ ಎಂದು ಯಾರಾದರೂ ಕೇಳಿದರೆ? ಗಾಳೇಶ ಕುಷ್ಟಗಿಗೆ ಹೋಗಿ ಕೆಂಪು ಬಟ್ಟೆಯ ಇಡೀ ಸುರುಳಿ ತಂದ. ಬೆಳಗಾಗುವುದರೊಳಗೆ ಆಳು ಹಚ್ಚಿ ದೊಡ್ಡ ತೋಟದ ಗಿಡಗಿಡಕ್ಕೂ ಚಿಂದಿ ಕಟ್ಟಿಸಿದ.

ಗಿರಾಕಿಗಳು ಕಾರಿನಲ್ಲಿ ಬಂದು ಇಳಿದ ಹೊತ್ತಿಗೆ ಮಾರೆವ್ವನೂ ಬುತ್ತಿ ತೆಗೆದುಕೊಂಡು ತೋಟಕ್ಕೆ ಬಂದಳು. ಕಣ್ಣು ಹಾಯುವವರೆಗೂ ಕೆಂಪು.

"ಏನೋ ಇದು? ಏನಿದು?"

ಹುಲಗಮ್ಮ ಓಡಿಬಂದು ಅತ್ತೆಯ ಕೈ ಹಿಡಿದಳು. "ಅತ್ತಿ, ನಿಮ್ಮ ಕಾಲು ಹಿಡೀತೀನಿ. ಮಂದಿ ಮುಂದ ಬ್ಯಾಡ್ರಿ. ನಾಳೆ ಬಿಚ್ಚಸ್ತಾನ."

"ನನ್ನ ಸೆರಗಿನ ಅರಿವೀನ ಜಾತ್ರಿ ಮಾಡಿಟ್ಟಾನಲ್ಲಬೇ!"

"ಮಂದಿ ಹೋಗ್ಲಿರಿ, ಆಮ್ಯಾಲೆ ಬೈರಿ. ನಾನೂ ಬೈತೀನಿ."

ಐಶ್ವರ್ಯ ಅಷ್ಟರಲ್ಲಿ ಮಾರೆವ್ವನನ್ನು ನಡುವೆ ನಿಲ್ಲಿಸಿಕೊಂಡಳು. "ಅಜ್ಜಿ, ನಗ್ರಿ! ನಿಮ್ಮಂಥವ್ರು ಇರೂದಕ್ಕಽ ನಮ್ಮ ಮಕ್ಕಳು ಛಲೋ ಹಣ್ಣು ತಿಂತಾವ," ಅಂದಳು. ಫೋಟೋದಲ್ಲಿ ಮಾರೆವ್ವ ಹಲ್ಲುಕಚ್ಚಿ ನಿಂತಿದ್ದಳು. ಅದಕ್ಕೂ ಹೃದಯದ ಚಿತ್ರಗಳು ಬಿದ್ದವಂತೆ. ಅಂಜಲಿಯ ಕುಬಸ, ಅಂದರೆ ಸೀಮಂತ, ಹತ್ತಿರ ಬಂದಿದೆಯೆಂದು ಕೇಳಿ ಐಶ್ವರ್ಯ ಯಾರೂ ಕರೆಯದೆಯೇ ಬರಲು ನಿಂತಳು. "ಹಳ್ಳಿ ಕುಬಸ ನಾ ನೋಡೇ ಇಲ್ಲ. ನಮ್ಮ ಗುಂಪಿನ ಶೇಖರಮ್ಮನವ್ರನ್ನೂ ಕರ್ಕೊಂಡು ಬರ್ತೀನಿ," ಅಂದಳು.

ಆ ಸಂಜೆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮಾರೆವ್ವ ಬೈದಳು, ಹುಲಗಮ್ಮ ಅಂದಂತೆಯೇ ತಾನೂ ಬೈದಳು, ವೆಂಕೋಬ ಕೊನೆಗೂ ಬಾಯಿ ತೆರೆದ. "ನಾಳೆ ಎಲ್ಲಾ ಬಿಚ್ಚಬೇಕು ನೋಡು ಮತ್ತ!" ಗಾಳೇಶ ಹೂಂ ಅಂದ. ನಾಳೆಗೆ ಗಿರಾಕಿಗಳ ಇನ್ನೊಂದು ಗುಂಪು ಬರುವುದಿತ್ತು. ಅರಿವಿ ಬಿಚ್ಚಲಿಲ್ಲ.

ಮೋಡ ಕವಿದದ್ದು ಅದರ ಮುಂದಿನ ವಾರ. ದಾಳಿಂಬೆಗೆ ಮೋಡಕ್ಕಿಂತ ದೊಡ್ಡ ಶತ್ರು ಇಲ್ಲ. ಎಲೆಯ ಮೇಲೆ ಅಡುಗೆ ಎಣ್ಣೆ ಬಿದ್ದಂಥ ಜಿಡ್ಡು ಕಲೆಗಳು ಮೂಡಿದವು, ಕಾಯಿಗಳಿಗೆ ಹಬ್ಬತೊಡಗಿದವು. ಗಾಳೇಶ ಮರ್ದಾನಸಾಬನನ್ನು ಕರೆಸಿದ. ಸಾಬ ಡ್ರಮ್ಮಿಗೆ ಔಷಧ ಕಲಸಿ, ಮುಖಕ್ಕೆ ವಸ್ತ್ರ ಕಟ್ಟಿಕೊಂಡು, ತೋಟದ ತುಂಬ ಕೆಂಪು ಅರಿವಿ ನೋಡಿ ನಿಂತುಬಿಟ್ಟ.

"ಯಾವ್ದಕ್ಕ ಹೊಡೀಲೋ ತಮ್ಮಾ? ಎಲ್ಲಾದಕ್ಕೂ ಅರಿವಿ ಕಟ್ಟೀರಿ."

"ಎಲ್ಲಾದಕ್ಕೂ ಹೊಡಿ, ಕಾಕಾ."

"ಬಾವಿ ಕಡೀ ಸಾಲು ಬಿಡ್ತೀನಿ."

"ಅದಕ್ಕೂ ಹೊಡಿ. ಅಲ್ಲಿಂದನಽ ರೋಗ ಹಬ್ಬಾಕಹತ್ತೈತಿ. ಅದೊಂದು ಸಾಲಿನ ಸಲುವಾಗಿ ತ್ವಾಟನಽ ಕಳಕೊಳ್ಳಲೇನು?"

ಮರ್ದಾನಸಾಬ ಪೈಪು ಎತ್ತಲಿಲ್ಲ. "ಮಾರೆವ್ವಾರು ಹೂಂ ಅಂದಾರೇನು?"

"ಅಂದಾಳ."

"ಕುಬಸ ಐತಲ್ಲೋ ಹುಡುಗಿದು. ಉಡಿಗೆ ಹಣ್ಣು?"

"ಹರದಿಟ್ಟೇವಿ. ನೀ ಹೊಡಿ ಕಾಕಾ, ಮಳಿ ಬಂದೀತು."

ಎರಡು ಸುಳ್ಳು, ಒಂದರ ಹಿಂದೆ ಒಂದು. ಸಾಬ ನಂಬಿದ. ಅಷ್ಟು ವರ್ಷ ಪೈಪು ಇಳಿಸಿಕೊಂಡು ದಾಟುತ್ತಿದ್ದ ಸಾಲಿಗೆ ಪೈಪು ಎತ್ತಿ ಹೊಡೆದ. ಗಾಳೇಶನ ಲೆಕ್ಕ ಬೇರೆ ಇತ್ತು. ಕುಬಸಕ್ಕೆ ಪೇಟೆಯಿಂದ ಸೇಬು ತಂದುಬಿಟ್ಟರಾಯಿತು, ಮನೆ ಸಾಲಿನ ಹಣ್ಣು ಯಾರು ಕೇಳುತ್ತಾರೆ? ಇಷ್ಟು ವರ್ಷ ಅದೇ ಮನೆಯಲ್ಲಿ ಉಂಡು ಬೆಳೆದವನು ತನ್ನ ಅಜ್ಜಿಯನ್ನು ಇಷ್ಟೂ ತಿಳಿದಿರಲಿಲ್ಲ.

ಕುಬಸದ ದಿನ ಅವನು ಕೊಪ್ಪಳದಿಂದ ಸ್ಟಿಕರ್ ಅಂಟಿಸಿದ ಸೇಬು ತಂದು ಮನೆಗೆ ಬರುವಷ್ಟರಲ್ಲಿ ಮಾರೆವ್ವ ನಸುಕಿನಲ್ಲೇ ತೋಟಕ್ಕೆ ಹೋಗಿ ಬಂದಾಗಿತ್ತು. ಬುಟ್ಟಿ ತುಂಬ ಹಣ್ಣು. ಹಿಂದಿನ ರಾತ್ರಿ ಒಂದಿಷ್ಟು ಹನಿ ಬಿದ್ದು ಗಿಡಗಳು ತೊಯ್ದಿದ್ದವು, ನಸ್ಯ ಏರಿಸುವ ಮೂಗಿಗೆ ಎಣ್ಣೆಯ ವಾಸನೆ ಹತ್ತಿರಲಿಲ್ಲ. ಹೋಳಿಗೆ ಬೇಯುವ, ಕರ್ಚಿಕಾಯಿ ಕರಿಯುವ ಘಮದಲ್ಲಿ ಹುಲಗಮ್ಮನಿಗೂ ಗೊತ್ತಾಗಲಿಲ್ಲ.

"ಅಜ್ಜಿ, ಸೇಬು ತಂದೇನಿ. ಉಡಿಗೆ ಇವನ್ನಽ ಹಾಕೂಣು," ಅಂದ ಗಾಳೇಶ.

"ಸೇಬು ಬಂದವ್ರಿಗೆ ಕೊಯ್ದು ಕೊಡು. ಉಡಿಗೆ ಮನಿ ಸಾಲಿಂದಽ ಬೇಕು."

"ಅಜ್ಜೀ, ಅವು ಚುಕ್ಕಿ..."

"ಚುಕ್ಕಿ ಇದ್ರ ಇರ್ಲೇಳು. ನಿಮ್ಮವ್ವ ಚುಕ್ಕೀದಽ ತಿಂದು ನಿನ್ನ ಹಡದಾಳ. ಸರಿ ಅತ್ತಾಗ."

ಅವನು ಹೇಳಬಹುದಿತ್ತು. ಆಗಲೇ ಹೇಳಬಹುದಿತ್ತು. ಅಡುಗೆಮನೆಯಲ್ಲಿ ಮೂವರೇ ಇದ್ದರು. ಆದರೆ ಹೊರಗೆ ಐಶ್ವರ್ಯಳ ಕಾರು ಬಂದು ನಿಂತ ಸದ್ದಾಯಿತು, ಗಾಳೇಶ ಓಡಿ ಹೋಗಿ ಚಾಪೆ ಹಾಸಿದ.

ಹಸಿರು ಸೀರೆ, ಹಸಿರು ಬಳೆ, ಮುಡಿ ತುಂಬ ಮಲ್ಲಿಗೆ. ಅಂಜಲಿಯನ್ನು ಮಣೆಯ ಮೇಲೆ ಕೂರಿಸಿದರು. ಓಣಿಯ ಹೆಂಗಸರೆಲ್ಲ ಬಂದಿದ್ದರು. ನಸೀಮಾಬಿ ಬಾಗಿಲ ಪಕ್ಕ ಕೂತಿದ್ದಳು, ಮರ್ದಾನಸಾಬ ಹೊರಗೆ ಕಟ್ಟೆಯ ಮೇಲೆ ವೆಂಕೋಬನ ಜೊತೆ ಎಲೆಅಡಿಕೆ ಹಾಕುತ್ತಿದ್ದ. ಮಾರೆವ್ವ ಮೊಮ್ಮಗಳ ಉಡಿಗೆ ಅಕ್ಕಿ, ಕೊಬ್ಬರಿ, ಅರಿಸಿನ ಕೊಂಬು ಹಾಕಿ, ಮೇಲೆ ಐದು ದಾಳಿಂಬೆ ಇಟ್ಟಳು. ಒಂದನ್ನು ಒಡೆದು, ಕೆಂಪು ಕಾಳು ತಟ್ಟೆಗೆ ಉದುರಿಸಿದಳು. ಆ ಮನೆಯ ರೀತಿ ಹಾಗೆ. ಉಡಿ ತುಂಬಿದ ಮೇಲೆ ಒಡಹುಟ್ಟಿದವನು ಮೊದಲ ತುತ್ತು ತಿನ್ನಿಸಬೇಕು, ಆಮೇಲೆ ಉಳಿದವರು.

"ಬಾರೋ ಗಾಳೇಶ. ತಂಗಿಗೆ ತಿನಸು."

ಐಶ್ವರ್ಯ ಫೋನು ಎತ್ತಿ ಹಿಡಿದಳು. ಗಾಳೇಶ ಬಂದು ಕೂತ. ಕಾಳು ಕೈಗೆ ತೆಗೆದುಕೊಂಡ. ಅಂಜಲಿ ನಗುತ್ತ ಬಾಯಿ ತೆರೆದಳು. ಅವನ ಕೈ ಅರ್ಧಕ್ಕೆ ನಿಂತಿತು.

"ತಿನಸೋ," ಅಂದಳು ಮಾರೆವ್ವ.

ಕೈ ಮುಂದೆ ಹೋಗಲಿಲ್ಲ.

"ಯಾಕ ನಿಂತಿ ಅಣ್ಣಾ?" ಅಂದಳು ಅಂಜಲಿ.

"ಬ್ಯಾಡಜ್ಜಿ," ಅಂದ ಗಾಳೇಶ. ಕಾಳು ತಟ್ಟೆಗೆ ಉದುರಿದವು. "ಇದು ಬ್ಯಾಡ. ಸೇಬು ತಿನಸ್ತೀನಿ."

"ಯಾಕ ಬ್ಯಾಡ? ಬಾಯಿ ಬಿಟ್ಟು ಹೇಳು."

ಗಾಳೇಶ ತಟ್ಟೆಯನ್ನು ಹಿಂದಕ್ಕೆ ಸರಿಸಿದ. ಮರ್ದಾನಸಾಬ ಬಾಗಿಲಿಗೆ ಬಂದು ನಿಂತಿದ್ದ. ಉಡಿಯಲ್ಲಿದ್ದ ಹಣ್ಣು ನೋಡಿದ, ಒರಟು ಸಿಪ್ಪೆ ನೋಡಿದ. ಬಾಯೊಳಗಿನ ಎಲೆಅಡಿಕೆ ಅಲ್ಲೇ ನಿಂತಿತು.

"ಅವ್ವಾ, ಅವು ಬಾವಿ ಕಡೀ ಸಾಲಿನ ಹಣ್ಣೇನು? ಈಗ ಹರದದ್ದೇನು? ಮೊನ್ನೆ ಎಲ್ಲಾದಕ್ಕೂ ಎಣ್ಣಿ ಹೊಡದೇನಲ್ರಿ! ನೀವು ಹೂಂ ಅಂದೀರಿ ಅಂತ ಗಾಳೇಶ ಹೇಳಿದ..."

ಹುಲಗಮ್ಮ ಮೊದಲು ಓಡಿ ಬಂದು ಮಗಳ ಬಾಯಿ ಒರೆಸಿದಳು, ಇನ್ನೂ ಏನೂ ತಿಂದಿರಲಿಲ್ಲ ಎಂಬುದೂ ಅವಳಿಗೆ ಹೊಳೆಯಲಿಲ್ಲ. ಆಮೇಲೆ ಮಗನ ಕಡೆ ತಿರುಗಿ ಕೆನ್ನೆಗೆ ಒಂದು ಬಿಟ್ಟಳು. ಇಷ್ಟು ದೊಡ್ಡವನಾದ ಮೇಲೆ ಅದೇ ಮೊದಲು.

"ಒಂದು ಕಳಕೊಂಡು ಬಂದಾಕಿ ಅದಾಳೋ ನಿನ್ನ ತಂಗಿ! ಗೊತ್ತಿದ್ದೂ ಸುಮ್ನಿದ್ದಿ? ಗೊತ್ತಿದ್ದೂ?"

ಐಶ್ವರ್ಯ ಫೋನು ಇಳಿಸಿದಳು. "ಅಂದ್ರ? ಎಲ್ಲಾ ಗಿಡಕ್ಕೂ ಹೊಡದಾರ? ನಮಗ ಕೊಟ್ಟದ್ದು? ಗಾಳೇಶ, ನಾವು ನಂಬಿ ತಗೊಂಡೇವಿ. ಮಕ್ಕಳಿಗೆ ತಿನಿಸೇವಿ. ಇದು ಮೋಸ ಅಲ್ಲೇನು?"

"ಮೋಸನಽ ತಾಯಿ," ಅಂದಳು ಮಾರೆವ್ವ. "ಶುದ್ಧ ಮೋಸ. ಅವಗ ಏನ್ ಬೈತೀರಿ ಬೈರಿ, ನಾ ಅಡ್ಡ ಬರಂಗಿಲ್ಲ. ಆದ್ರ ಒಂದು ಮಾತು ಹೇಳ್ರಿ. ಮೊದಲ ಸಲ ಇವ ಖರೇ ಹಣ್ಣಽ ತಂದು ಕೊಟ್ಟಿದ್ದ. ಈ ಹುಡುಗಿ ಬಾಯಿಂದ ಕಸಗೊಂಡು ತಂದು ಕೊಟ್ಟಿದ್ದ. ಅದನ್ನ ಚುಕ್ಕಿ ಐತಂತ ವಾಪಸ್ ಕಳಿಸಿದವ್ರು ಯಾರು?"

ಐಶ್ವರ್ಯ ಫೋನನ್ನು ಚೀಲಕ್ಕೆ ಹಾಕಿಕೊಂಡಳು. ಅವಳ ಮುಖ ಕೆಂಪಾಯಿತು. ಜೊತೆಗೆ ಬಂದಿದ್ದ ಶೇಖರಮ್ಮ ವಯಸ್ಸಾದ ಹೆಂಗಸು, ಜಗಳ ತಣ್ಣಗೆ ಮಾಡೋಣವೆಂದುಕೊಂಡಳೋ ಏನೋ, ಗಾಳೇಶನ ಕಡೆ ಬಾಗಿ ಮೆಲ್ಲಗೆ ಅಂದಳು. ಮೆಲ್ಲಗೆ ಅಂದರೂ ಎಲ್ಲರಿಗೂ ಕೇಳಿಸಿತು.

"ಹೋಗ್ಲಿ ಬಿಡಪ್ಪಾ, ಎಲ್ಲಾದಕ್ಕೂ ಹೊಡಿಯೂದು ಇದ್ದದ್ದಽ. ನನ್ನ ಪೆಟ್ಟಿಗಿ ಮಾತ್ರ ತಪ್ಪಿಸಬ್ಯಾಡ. ಆ ನುಣ್ಣನವನ್ನಽ ಹಾಕು, ಉಪ್ಪುನೀರಾಗ ತೊಳದು ತಿಂತೀವಿ. ರೇಟ್ ಅಷ್ಟು ಕಡಿಮಿ ಮಾಡು."

ಅಂಜಲಿ ಮಣೆಯಿಂದ ಎದ್ದಳು. ಬಸುರಿ ಉಡಿ ತುಂಬಿದ ಮೇಲೆ ಆರತಿ ಆಗುವ ಮೊದಲು ಏಳಬಾರದು. ಹುಲಗಮ್ಮ ಬೇಡಬೇಡ ಅಂದರೂ ಎದ್ದಳು. ಉಡಿಯಲ್ಲಿದ್ದ ದಾಳಿಂಬೆಗಳನ್ನು ಒಂದೊಂದಾಗಿ ತೆಗೆದು ಅಣ್ಣನ ಮಡಿಲಿಗೆ ಹಾಕಿದಳು.

"ತಗೋ. ಪೆಟ್ಟಿಗಿಗೆ ತುಂಬು. ಗಿರಾಕಿ ಮನಿಗೇ ಬಂದಾರ."

ಗಾಳೇಶ ಮಡಿಲು ಹಿಡಿದುಕೊಂಡೇ ಕೂತ. ಶೇಖರಮ್ಮ ಸೆರಗು ಸರಿಪಡಿಸಿಕೊಂಡಳು.

ಹುಲಗಮ್ಮ ಮಗಳನ್ನು ಮತ್ತೆ ಮಣೆಗೆ ಕೂರಿಸಿದಳು. ಹಣ್ಣಿಲ್ಲದ ಉಡಿಯನ್ನು ಹಾಗೇ ಬಿಡುವಂತಿರಲಿಲ್ಲ. ಮಾರೆವ್ವ ಅತ್ತ ಇತ್ತ ನೋಡಿದಳು, ಸೇಬಿನ ಚೀಲ ನೋಡಿದಳು, ಮುಖ ತಿರುವಿದಳು. ಆಗ ಬಾಗಿಲ ಪಕ್ಕ ಕೂತಿದ್ದ ನಸೀಮಾಬಿ ತನ್ನ ಸೆರಗಿನ ಗಂಟು ಬಿಚ್ಚಿದಳು. ಅವಳ ಮನೆಯ ಹಿತ್ತಲಲ್ಲಿ ಒಂದು ಪೇರಲ ಗಿಡ ಇದೆ. ಯಾರೂ ನೆಟ್ಟದ್ದಲ್ಲ, ಯಾರೂ ನೋಡಿಕೊಳ್ಳುವುದೂ ಇಲ್ಲ. ಕುಬಸಕ್ಕೆ ಬರಿಗೈಯಲ್ಲಿ ಬರಬಾರದೆಂದು ನಾಲ್ಕು ಹಣ್ಣು ತಂದಿದ್ದಳು. ಕಾರಿನವರ ಮುಂದೆ ಇಡಲು ನಾಚಿ ಅಷ್ಟು ಹೊತ್ತೂ ಸೆರಗಿನಲ್ಲೇ ಇಟ್ಟುಕೊಂಡಿದ್ದಳು. ಎರಡನ್ನು ಗಿಣಿ ಕಚ್ಚಿತ್ತು.

"ಗಿಣಿ ತಿಂದೈತ್ರಿ ಅವ್ವಾ," ಅಂದಳು ಸಂಕೋಚದಿಂದ.

"ಗಿಣಿ ತಿಂದಿದ್ದಽ ಬೇಕು. ತಾ ಇಲ್ಲಿ."

ಮಾರೆವ್ವ ಗಿಣಿ ಮುಟ್ಟದ ಎರಡನ್ನು ಉಡಿಗೆ ಹಾಕಿದಳು. ಇನ್ನೆರಡರಲ್ಲಿ ಗಿಣಿ ಕಚ್ಚಿದ ಕಡೆ ಕೊಯ್ದು ತೆಗೆದು, ಉಳಿದದ್ದನ್ನು ಹೋಳು ಮಾಡಿ ತಟ್ಟೆಗಿಟ್ಟಳು. ಮೊದಲ ತುತ್ತು ಇನ್ನೂ ಬಾಕಿ ಇತ್ತು. ಗಾಳೇಶ ದಾಳಿಂಬೆ ಕೆಳಗಿಟ್ಟ. ಎದ್ದು ಹೋಗಿ ಕೈ ತೊಳೆದುಕೊಂಡ, ಸಾಬೂನು ಹಚ್ಚಿ ಇನ್ನೊಮ್ಮೆ ತೊಳೆದುಕೊಂಡ. ಬಂದು ತಂಗಿಯ ಮುಂದೆ ಕೂತು ಒಂದು ಹೋಳು ಎತ್ತಿ ಹಿಡಿದ. ಕಣ್ಣಲ್ಲಿ ನೀರು ತುಂಬಿತ್ತು.

ಅಂಜಲಿ ಬಾಯಿ ತೆರೆಯಲಿಲ್ಲ. ಅವನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಟ್ಟೆಯಿಂದ ಇನ್ನೊಂದು ಹೋಳನ್ನು ತಾನೇ ತೆಗೆದುಕೊಂಡಳು.

"ನಿನ್ನ ಕೈಲಿಂದ ಬ್ಯಾಡಣ್ಣಾ," ಅಂದಳು.